ನಂಗ್ ಮೀನಿನ ಕಣ್ಣು, ಮುರಕಲ್ಲಿನ ಕಪ್ಪೆ, ಕಾಂಡ್ಲಾದ ಮರಿ: ವಿಕಾಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ, ಮಂಗಳೂರು ಸುತ್ತಮುತ್ತ ಪ್ರಕೃತಿ ನಡಿಗೆಗೆ ಬರುವವರು, ಶಾಲೆ ಮಕ್ಕಳು, ತೋಟ ಇರುವವರು ಕೇಳುತ್ತಲೇ ಇರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಉದಾಹರಣೆಗೆ ಆದಷ್ಟೂ ನಮ್ಮೂರಿನ ಮೀನು, ಮರ, ಕಪ್ಪೆಗಳನ್ನೇ ತೆಗೆದುಕೊಂಡಿದ್ದೇನೆ. ಗ್ಯಾಲಪಗೋಸ್ ದ್ವೀಪದ ಹಕ್ಕಿಗಳ ಕತೆ ಎಲ್ಲ ಪುಸ್ತಕದಲ್ಲೂ ಸಿಗುತ್ತದೆ. ಮಲ್ಪೆ ಬಂದರಿನ ಬುಟ್ಟಿಯಲ್ಲಿ ಬಿದ್ದಿರುವುದರ ಕತೆ ಹೇಳುವವರು ಕಡಿಮೆ. ಓದುವಾಗ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ: ವಿಕಾಸ ಯಾವುದನ್ನೂ ಬುಡದಿಂದ ಹೊಸದಾಗಿ ಕಟ್ಟುವುದಿಲ್ಲ. ಇದ್ದದ್ದನ್ನೇ ಅಲ್ಲಿಷ್ಟು ಇಲ್ಲಿಷ್ಟು ತಿದ್ದುತ್ತಾ ಹೋಗುತ್ತದೆ.

ಮನುಷ್ಯ ಮಂಗನಿಂದ ಬಂದದ್ದಾದರೆ ಮಂಗಗಳು ಇನ್ನೂ ಯಾಕಿವೆ?

ಯಾವಾಗಲೂ ಇದೇ ಮೊದಲ ಪ್ರಶ್ನೆ. ನಿಮ್ಮ ತೋಟಕ್ಕೆ ನುಗ್ಗಿ ಬೊಂಡ ಕೀಳುವ ಮಂಗ ನಮ್ಮ ಅಜ್ಜನೂ ಅಲ್ಲ, ಮುತ್ತಜ್ಜನೂ ಅಲ್ಲ. ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಕುಟುಂಬದಲ್ಲಿ ಕವರುಗಳು (ಕವಲುಗಳು) ಬೇರೆಯಾಗುವುದು ಗೊತ್ತಲ್ಲ. ಒಂದು ಕವರು ಇನ್ನೊಂದು ಕವರಿನಿಂದ ಹುಟ್ಟಿದ್ದಲ್ಲ, ಎರಡೂ ಒಬ್ಬಳೇ ಹಿರಿಯಳಿಂದ ಬಂದವು. ಇಲ್ಲೂ ಅಷ್ಟೇ. ಮಂಗಗಳ ಸಂತತಿಯೂ ನಮ್ಮ ಸಂತತಿಯೂ ಬೇರೆಯಾಗಿ ಸುಮಾರು 2.5 ಕೋಟಿ ವರ್ಷ ಆಯಿತು. ಚಿಂಪಾಂಜಿಯ ಸಂತತಿ ನಮ್ಮಿಂದ ಬೇರೆಯಾದದ್ದು ಈಚೆಗೆ, ಅಂದರೆ 60–70 ಲಕ್ಷ ವರ್ಷಗಳ ಹಿಂದೆ.

ಸಾಕ್ಷಿ ಬೇಕಾದರೆ ವಿಟಮಿನ್ ಸಿ ನೋಡಿ. ಇಲಿ, ಆಡು, ನಾಯಿ ಇವೆಲ್ಲ ತಮಗೆ ಬೇಕಾದ ವಿಟಮಿನ್ ಸಿಯನ್ನು ಮೈಯೊಳಗೇ ತಯಾರಿಸಿಕೊಳ್ಳುತ್ತವೆ. ನಮಗೆ ಆಗುವುದಿಲ್ಲ. ಆ ಕೆಲಸ ಮಾಡಬೇಕಾದ ಜೀನ್ ನಮ್ಮಲ್ಲೂ ಇದೆ, ಆದರೆ ಕೆಟ್ಟು ಕೂತಿದೆ. ಚಿಂಪಾಂಜಿಯಲ್ಲೂ ತೋಟದ ಮಂಗನಲ್ಲೂ ಅದೇ ಜೀನ್ ಕೆಟ್ಟಿದೆ, ಕೆಟ್ಟ ರೀತಿಯೂ ಒಂದೇ. ಗಿನಿಹಂದಿಯಲ್ಲೂ ಅದು ಕೆಟ್ಟಿದೆ, ಆದರೆ ಬೇರೆ ರೀತಿಯಲ್ಲಿ. ನಮ್ಮೆಲ್ಲರ ಹಿರಿಯ ಜೀವಿಯೊಂದರಲ್ಲಿ ಅದು ಒಮ್ಮೆ ಕೆಟ್ಟಿತು. ಹಣ್ಣು ತಿನ್ನುವ ಪ್ರಾಣಿಗೆ ವಿಟಮಿನ್ ಹೇಗೂ ಸಿಗುತ್ತಿತ್ತು, ತೊಂದರೆ ಆಗಲಿಲ್ಲ. ಕೆಟ್ಟ ಜೀನೇ ಪಿತ್ರಾರ್ಜಿತವಾಗಿ ಎಲ್ಲರಿಗೂ ಬಂತು.

ವಿಕಾಸ ಆಗುವುದನ್ನು ಕಣ್ಣಾರೆ ಕಂಡವರು ಯಾರಾದರೂ ಇದ್ದಾರಾ?

ಇದ್ದಾರೆ, ಧಾರಾಳ. ಅಮೆರಿಕದ ವಿಜ್ಞಾನಿ ರಿಚರ್ಡ್ ಲೆನ್‌ಸ್ಕಿ 1988ರಲ್ಲಿ 12 ಬಾಟಲಿಗಳಲ್ಲಿ ಇ-ಕೋಲಿ ಬ್ಯಾಕ್ಟೀರಿಯಾ ಸಾಕಲು ಶುರು ಮಾಡಿದರು. ಪ್ರಯೋಗ ಈಗಲೂ ನಡೆಯುತ್ತಿದೆ. 70,000 ತಲೆಮಾರು ದಾಟಿದೆ. ಒಂದು ಬಾಟಲಿಯ ಬ್ಯಾಕ್ಟೀರಿಯಾ ಮಾತ್ರ, ಗಾಳಿ ಇರುವಾಗ ಅದರ ಜಾತಿಯವು ತಿನ್ನಲಾರದ ಸಿಟ್ರೇಟನ್ನು ತಿನ್ನಲು ಕಲಿತುಬಿಟ್ಟಿತು.

ಅಷ್ಟು ದೂರ ಹೋಗುವುದೂ ಬೇಡ. ಮಂಗಳೂರಿಗೆ ಮಲೇರಿಯಾ ಹೊಸದಲ್ಲ. ಕಟ್ಟಡ ಕಟ್ಟುವ ಜಾಗ, ಅಲ್ಲಿ ನಿಂತ ನೀರು, ಸೊಳ್ಳೆ, ಮತ್ತೆ ಜ್ವರ. ಮೊದಲು ಎಲ್ಲ ಮಲೇರಿಯಾಕ್ಕೂ ಕ್ಲೋರೋಕ್ವಿನ್ ಮಾತ್ರೆ ಸಾಕಾಗುತ್ತಿತ್ತು. ಫಾಲ್ಸಿಪಾರಂ ಎಂಬ ಜಾತಿಯ ರೋಗಾಣುವಿನಲ್ಲಿ ಅಲ್ಲೊಂದು ಇಲ್ಲೊಂದಕ್ಕೆ, ಮದ್ದನ್ನು ಹೊರಗೆ ದಬ್ಬುವ ಸಣ್ಣ ಬದಲಾವಣೆ ಆಗಿತ್ತು. ಮದ್ದು ಉಳಿದವನ್ನೆಲ್ಲ ಕೊಂದಿತು, ಇವು ಬದುಕಿ ಮರಿ ಹಾಕಿದವು. ಭಾರತದಲ್ಲಿ ಇದು ಮೊದಲು ದಾಖಲಾದದ್ದು 1973ರಲ್ಲಿ, ಅಸ್ಸಾಮಿನಲ್ಲಿ. ಹಾಗಾಗಿ ಇಂದು ಫಾಲ್ಸಿಪಾರಂಗೆ ಬೇರೆಯೇ ಮದ್ದು. ಡಾಕ್ಟರು ಕೋರ್ಸ್ ಪೂರ್ತಿ ಮುಗಿಸಿ ಎಂದು ಹೇಳುವುದರ ಹಿಂದೆ ಇರುವುದೂ ಡಾರ್ವಿನ್ 1859ರಲ್ಲಿ ಬರೆದ ಅದೇ ತರ್ಕ.

ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವನ್ನು ತೆಗೆದಿದ್ದಾರೆ. ಪಿಯುಸಿಯಲ್ಲಿ ಜೀವಶಾಸ್ತ್ರ ತೆಗೆದುಕೊಂಡವರಿಗೆ ಮಾತ್ರ ಈಗ ಅದು ಸಿಗುತ್ತದೆ. ಕಾಮರ್ಸ್ ಓದುವವರಿಗೆ ಮಲೇರಿಯಾ ಬರುವುದಿಲ್ಲವಾ?

ದಶಾವತಾರದ ಕ್ರಮವೇ ವಿಕಾಸದ ಕ್ರಮ ಅಲ್ವಾ? ಮೀನು, ಆಮೆ, ಹಂದಿ, ಆಮೇಲೆ ಮನುಷ್ಯ?

ಯಕ್ಷಗಾನದ ಆಟ ನೋಡಿ ಬೆಳೆದವರು ಕೇಳುವ ಪ್ರಶ್ನೆ ಇದು. ರಂಗಸ್ಥಳದಲ್ಲಿ ಚಂದ, ಜೀವಶಾಸ್ತ್ರದಲ್ಲಿ ಹೊಂದುವುದಿಲ್ಲ. ವಿಕಾಸದಲ್ಲಿ ಕೆಳಗಿನ ಮೆಟ್ಟಿಲು, ಮೇಲಿನ ಮೆಟ್ಟಿಲು ಎಂಬುದೇ ಇಲ್ಲ. ಆಮೆಯ ಹಳೆಯ ಪಳೆಯುಳಿಕೆಗಳು ಸುಮಾರು 22 ಕೋಟಿ ವರ್ಷದವು. ಸಸ್ತನಿಗಳು ಹುಟ್ಟಿದ್ದೂ ಹೆಚ್ಚು ಕಡಿಮೆ ಅದೇ ಕಾಲಕ್ಕೆ. ಇನ್ನು ಮೀನು ಎಂದರೆ ಹಳೆಯದು ಎಂದುಕೊಳ್ಳಬೇಡಿ. ಬಂಗುಡೆಯಂಥ ಮೀನುಗಳ ಗುಂಪು ಕಡಲಲ್ಲಿ ಹಬ್ಬಿದ್ದು ಡೈನೋಸಾರ್‌ಗಳು ಅಳಿದ ಮೇಲೆ. ಅಂದರೆ ಅದು ಮೊಸಳೆಗಿಂತ ಎಷ್ಟೋ ಹೊಸದು. ಪುರಾಣವನ್ನು ಪುರಾಣವಾಗಿ ನೋಡಿದರೆ ಅದಕ್ಕೂ ಗೌರವ, ವಿಜ್ಞಾನಕ್ಕೂ ಗೌರವ ಎಂಬುದು ನನ್ನ ಅಭಿಪ್ರಾಯ.

ನಂಗ್ ಮೀನಿನ ಎರಡು ಕಣ್ಣೂ ಒಂದೇ ಬದಿಯಲ್ಲಿ ಇರುವುದು ಯಾಕೆ?

ನನಗೆ ಅತಿ ಇಷ್ಟದ ಪ್ರಶ್ನೆ. ಚರ್ಮ ಸುಲಿದು ಫ್ರೈ ಮಾಡುವ ಮೊದಲು ನಂಗನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಒಂದು ಬದಿ ಕಂದು, ಇನ್ನೊಂದು ಬದಿ ಬಿಳಿ. ಎರಡು ಪುಟ್ಟ ಕಣ್ಣುಗಳೂ ಕಂದು ಬದಿಯಲ್ಲೇ. ಬಾಯಿ ಸೊಟ್ಟ. ಯಾರೋ ಮೀನನ್ನು ಹಿಂಡಿ ತಿರುಚಿದ ಹಾಗಿರುತ್ತದೆ.

ಹುಟ್ಟುವಾಗ ಹೀಗಿರುವುದಿಲ್ಲ. ಮೊಟ್ಟೆಯೊಡೆದು ಬಂದ ಮರಿಗೆ ಎರಡು ಬದಿಗೂ ಒಂದೊಂದು ಕಣ್ಣು. ಬೇರೆ ಮೀನಿನ ಹಾಗೆಯೇ ನೆಟ್ಟಗೆ ಈಜುತ್ತದೆ. ಕೆಲವು ವಾರಗಳಲ್ಲಿ ಥೈರಾಯ್ಡ್ ಹಾರ್ಮೋನು ಏರುತ್ತದೆ. ಗೊದಮೊಟ್ಟೆಯನ್ನು ಕಪ್ಪೆ ಮಾಡುವುದೂ ಇದೇ ಹಾರ್ಮೋನು. ತಲೆಬುರುಡೆ ತಿರುಚಿಕೊಳ್ಳುತ್ತದೆ, ಬಲಗಣ್ಣು ಮೆಲ್ಲಗೆ ಜರುಗಿ ಎಡಬದಿಗೆ ಬಂದು ಎಡಗಣ್ಣಿನ ಪಕ್ಕ ಕೂರುತ್ತದೆ. ಆಮೇಲೆ ಮೀನು ಬಲಮಗ್ಗುಲಲ್ಲಿ ಮಲಗುತ್ತದೆ. ಸಾಯುವ ತನಕ ಅದೇ ಮಗ್ಗುಲು.

ಇಷ್ಟೆಲ್ಲ ಸರ್ಕಸ್ ಯಾಕೆ? ಪಕ್ಕದ ಬುಟ್ಟಿಯ ತೊರಕೆಯನ್ನು ನೋಡಿ. ಅದೂ ಚಪ್ಪಟೆ, ಅದೂ ತಳದ ಮರಳಲ್ಲಿ ಅಡಗಿ ಕೂರುವುದು. ಆದರೆ ತೊರಕೆ ಹೊಟ್ಟೆ ಅಡಿಗೆ ಮಾಡಿ ಚಪ್ಪಟೆಯಾಗಿದೆ, ಎರಡು ಕಣ್ಣೂ ಬೆನ್ನ ಮೇಲೆ ಸರಿಯಾಗಿವೆ. ಅದರ ಪೂರ್ವಜರು ಶಾರ್ಕಿನ ನಂಟರು, ಅವರ ಮೈಯನ್ನು ಅಗಲ ಮಾಡಿದರೆ ಸಾಕಿತ್ತು. ನಂಗಿನ ಪೂರ್ವಜರ ಮೈ ಮಾಂಜಿಯ (ಪಾಂಫ್ರೆಟ್) ಹಾಗೆ ಎತ್ತರಕ್ಕೆ ಇದ್ದು ತೆಳ್ಳಗಿತ್ತು. ಅಂಥ ಮೀನು ತಳಕ್ಕೆ ಇಳಿದರೆ ಮಗ್ಗುಲಾಗಿ ಬೀಳಲೇಬೇಕು. ಬಿದ್ದರೆ ಒಂದು ಕಣ್ಣು ಮರಳಿನೊಳಗೆ. ಇದ್ದ ದೇಹವನ್ನು ಬಿಟ್ಟು ಹೊಸದು ಮಾಡುವ ಅವಕಾಶ ಇಲ್ಲ. ಹಾಗಾಗಿ ಆ ಕಣ್ಣೇ ಜರುಗಿತು.

ಇದನ್ನೇ ಹಿಡಿದು 1871ರಲ್ಲಿ ಸೇಂಟ್ ಜಾರ್ಜ್ ಮಿವಾರ್ಟ್ ಎಂಬಾತ ಡಾರ್ವಿನ್‌ನನ್ನು ಕೇಳಿದ: ಕಣ್ಣು ಅರ್ಧ ದಾರಿಗೆ ಬಂದರೆ ಮೀನಿಗೆ ಏನು ಲಾಭ? ಒಳ್ಳೆಯ ಪ್ರಶ್ನೆಯೇ. ಡಾರ್ವಿನ್ ತನ್ನ ಪುಸ್ತಕದ ಮರುವರ್ಷದ ಆವೃತ್ತಿಯಲ್ಲಿ ಉತ್ತರ ಬರೆದ, ಆದರೆ ಕೈಯಲ್ಲಿ ಪಳೆಯುಳಿಕೆ ಇರಲಿಲ್ಲ. ಅದು ಸಿಕ್ಕಿದ್ದು 2008ರಲ್ಲಿ. ಉತ್ತರ ಇಟಲಿಯ ಸುಮಾರು 5 ಕೋಟಿ ವರ್ಷ ಹಳೆಯ ಮೀನುಗಳನ್ನು ಪಳೆಯುಳಿಕೆ ವಿಜ್ಞಾನಿ ಮ್ಯಾಟ್ ಫ್ರೀಡ್‌ಮನ್ ಮತ್ತೊಮ್ಮೆ ಪರೀಕ್ಷಿಸಿದರು. ಒಂದು ಕಣ್ಣು ಮೇಲಕ್ಕೆ ಜರುಗಿದೆ, ಆಚೆ ಬದಿ ದಾಟಿಲ್ಲ. ಸರಿಯಾಗಿ ಅರ್ಧ ದಾರಿ. ಆ ಕಲ್ಲುಗಳು ಎಷ್ಟೋ ಕಾಲದಿಂದ ಮ್ಯೂಸಿಯಂ ಡ್ರಾಯರಿನಲ್ಲಿ ಸುಮ್ನೆ ಬಿದ್ದಿದ್ದವು.

ಅರ್ಧ ದಾರಿಯ ಕಣ್ಣಿಗೆ ಉಪಯೋಗ ಇದೆಯೇ ಎಂದರೆ, ನಮ್ಮ ಕಡಲಲ್ಲೇ ಇರುವ ಇಂಡಿಯನ್ ಹ್ಯಾಲಿಬಟ್ ಇದೆಯಲ್ಲ, ಅದರ ಒಂದು ಕಣ್ಣು ಈಗಲೂ ತಲೆಯ ಅಂಚಿನಲ್ಲೇ ಇದೆ. ಆರಾಮವಾಗಿ ಬೇಟೆಯಾಡಿಕೊಂಡಿದೆ.

ತಿಮಿಂಗಿಲ ಮೊದಲು ನೆಲದ ಮೇಲೆ ಓಡಾಡುತ್ತಿತ್ತು ಎನ್ನುತ್ತಾರೆ. ನಂಬಬಹುದಾ?

ನಂಬಬಹುದು, ಮತ್ತು ಈ ಕತೆಯ ಮುಖ್ಯ ಸಾಕ್ಷಿಗಳು ಸಿಕ್ಕಿದ್ದೇ ನಮ್ಮ ಉಪಖಂಡದಲ್ಲಿ. ಕಾಶ್ಮೀರದಲ್ಲಿ ಎ. ರಂಗರಾವ್ ಎಂಬ ಭೂವಿಜ್ಞಾನಿ ಸಂಗ್ರಹಿಸಿಟ್ಟ ಕಲ್ಲುಗಳೊಳಗೆ ಇಂಡೋಹ್ಯೂಸ್ ಎಂಬ ಸಣ್ಣ ಪ್ರಾಣಿಯ ಎಲುಬುಗಳಿದ್ದವು. ಸುಮಾರು 4.8 ಕೋಟಿ ವರ್ಷ ಹಳೆಯದು. ನೋಡಲು ಬರ್ಕದ (ಇಲಿಜಿಂಕೆ) ಹಾಗೆ, ಗೊರಸಿನ ಕಾಲು. ಆದರೆ ಕಿವಿಯ ಎಲುಬಿನ ರಚನೆ ತಿಮಿಂಗಿಲಗಳಲ್ಲಿ ಮಾತ್ರ ಕಾಣುವಂಥದು. 2007ರಲ್ಲಿ ಈ ವಿಷಯ ಪ್ರಕಟವಾಯಿತು. ಅದರ ನಂತರದ ಹಂತಗಳು, ಅಂದರೆ ಗಿಡ್ಡ ಕಾಲಿನ, ನೀರಲ್ಲೇ ಹೆಚ್ಚು ಇರುತ್ತಿದ್ದ ತಿಮಿಂಗಿಲಗಳು ಗುಜರಾತಿನ ಕಚ್ಛ್‌ನಲ್ಲಿ ಸಿಕ್ಕಿವೆ.

ದೋಣಿಯಲ್ಲಿ ಹೋಗುವಾಗ ಡಾಲ್ಫಿನ್ ಕಂಡರೆ ಬಾಲ ಗಮನಿಸಿ. ಮೀನು ಬಾಲವನ್ನು ಎಡಕ್ಕೆ ಬಲಕ್ಕೆ ಬೀಸುತ್ತದೆ. ಡಾಲ್ಫಿನ್, ತಿಮಿಂಗಿಲ ಎರಡೂ ಮೇಲೆ ಕೆಳಗೆ ಬಡಿಯುತ್ತವೆ. ನಾಯಿ, ಕುದುರೆ ಓಡುವಾಗ ಬೆನ್ನು ಬಾಗುವುದೂ ಮೇಲೆ ಕೆಳಗೆಯೇ. ಓಟದ ಬೆನ್ನೆಲುಬನ್ನೇ ಈಜಿಗೆ ಹಚ್ಚಿದ್ದು. ಮೈಯೊಳಗೆ ಸೊಂಟದ ಎಲುಬಿನ ತುಂಡು ಇನ್ನೂ ಉಳಿದಿದೆ. ಇಂದು ಬದುಕಿರುವ ಪ್ರಾಣಿಗಳಲ್ಲಿ ಇವಕ್ಕೆ ಅತಿ ಹತ್ತಿರದ ನಂಟ ನೀರಾನೆ.

ಮಣಿಪಾಲದಲ್ಲಿ, ಮಂಗಳೂರಿನಲ್ಲಿ ಹೊಸ ಕಪ್ಪೆ ಸಿಕ್ಕಿದೆಯಂತೆ. ಹೊಸದು ಅಂದರೆ ಈಗ ಹುಟ್ಟಿದ್ದಾ?

ಅಲ್ಲ. ಕಪ್ಪೆ ಲಕ್ಷಾಂತರ ವರ್ಷದಿಂದ ಇದೆ, ನಾವು ಗುರುತಿಸಿದ್ದು ಈಗ. ನೋಡಲು ಪಕ್ಕದ ಜಾತಿಯ ಹಾಗೇ ಇರುತ್ತದೆ. ಕೂಗು, ಅಳತೆ, ಡಿಎನ್ಎ ಮೂರನ್ನೂ ತಾಳೆ ನೋಡಿದಾಗ ಬೇರೆ ಎಂದು ತಿಳಿಯುತ್ತದೆ.

ಮೂರು ಕಪ್ಪೆಗಳ ಹೆಸರು ನಮ್ಮವರಿಗೆ ಗೊತ್ತಿರಬೇಕು. ಯೂಫ್ಲಿಕ್ಟಿಸ್ ಅಲೋಶಿಯೈ 2009ರದ್ದು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಹೆಸರು ಇಟ್ಟದ್ದು. ಮೈಕ್ರೋಹೈಲಾ ಲ್ಯಾಟರೈಟ್ 2016ರದ್ದು. ಮಣಿಪಾಲದ ಸುತ್ತಿನ ಮುರಕಲ್ಲು (ಲ್ಯಾಟರೈಟ್) ಪಾದೆಗಳಲ್ಲಿ ಸಿಕ್ಕಿತು. ಉದ್ದ 1.6 ಸೆಂಟಿಮೀಟರ್ ಅಷ್ಟೇ, ಕೂಗು ಕೇಳಿದರೆ ಚಿಮ್ಮಂಡೆ ಎಂದುಕೊಳ್ಳುತ್ತೀರಿ. ಮೂರನೆಯದು ಮೈಕ್ರೋಹೈಲಾ ಕೊಡಿಯಾಲ್, 2018ರದ್ದು, ಕೊಂಕಣಿಯವರು ಮಂಗಳೂರಿಗೆ ಹೇಳುವ ಹೆಸರೇ ಅದಕ್ಕೂ. ಇದರ ಕತೆ ವಿಚಿತ್ರ. ಇದು ಸಿಕ್ಕಿದ್ದು ಕಾಡಿನಲ್ಲಲ್ಲ, ಬಂದರು ಮತ್ತು ಕಾರ್ಖಾನೆಗಳ ನಡುವೆ, ಹಿಂದೆ ಮರದ ದಿಮ್ಮಿ ರಾಶಿ ಹಾಕುತ್ತಿದ್ದ ಜಾಗದಲ್ಲಿ. ಡಿಎನ್ಎ ನೋಡಿದರೆ ಹತ್ತಿರದ ನಂಟರೆಲ್ಲ ಇರುವುದು ಆಗ್ನೇಯ ಏಷ್ಯಾದಲ್ಲಿ. ಆಮದಾದ ದಿಮ್ಮಿಗಳ ಜೊತೆ ಹಡಗು ಹತ್ತಿ ಬಂದಿರಬಹುದು ಎಂಬ ಅನುಮಾನ ಇದೆ.

ಮುರಕಲ್ಲಿನ ಕಪ್ಪೆಯ ಬಗ್ಗೆ ನನಗೆ ಸಿಟ್ಟೂ ಇದೆ. ಕಪ್ಪೆಯ ಮೇಲಲ್ಲ. ನಮ್ಮ ಪದವುಗಳು, ಅಂದರೆ ಮುರಕಲ್ಲಿನ ಬಯಲುಗಳು, ಸರ್ಕಾರಿ ಲೆಕ್ಕದಲ್ಲಿ ಪಾಳುಭೂಮಿ. ಬೇಸಿಗೆಯಲ್ಲಿ ಕಾದ ಕೆಂಪು ಕಲ್ಲು, ಏನೂ ಇಲ್ಲ ಎನಿಸುತ್ತದೆ. ಕಲ್ಲು ಕೋರೆಗೆ, ಕಸ ಸುರಿಯಲು, ಲೇಔಟಿಗೆ ಮೊದಲು ಹೋಗುವ ಜಾಗ ಅದೇ. ಮಳೆ ಬಿದ್ದ ಮೇಲೆ ಅಲ್ಲಿನ ತಗ್ಗುಗಳಲ್ಲಿ ನೀರು ನಿಂತಾಗ ಬಂದು ನೋಡಿದವರು ಮತ್ತೆ ಪಾಳು ಎನ್ನಲಾರರು.

ಅದೇ ಪದವಿನಲ್ಲಿ ಹುಳ ತಿನ್ನುವ ಗಿಡ ಇದೆಯಾ?

ಇದೆ, ಅದೂ ಎರಡು ಬಗೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಪದವಿನ ತುಂಬ ಸಣ್ಣ ನೀಲಿ ಹೂವು ಕಾಣುತ್ತದಲ್ಲ, ಸೀತೆಯ ಕಣ್ಣೀರು ಎಂದು ಕೆಲವರು ಕರೆಯುತ್ತಾರೆ, ಅದು ಯೂಟ್ರಿಕ್ಯುಲೇರಿಯಾ. ಹೂವು ಪಾಪದ್ದು. ಬುಡದಲ್ಲಿ, ನೀರಿನೊಳಗೆ, ಸಾಸಿವೆಗಿಂತ ಸಣ್ಣ ಚೀಲಗಳಿವೆ. ಒಳಗಿನ ನೀರನ್ನು ಹೊರಗೆ ಹಾಕಿ ಚೀಲ ಬಿಗಿದುಕೊಂಡು ಕಾಯುತ್ತದೆ. ಪುಟ್ಟ ನೀರುಹುಳ ಬಾಗಿಲ ಕೂದಲಿಗೆ ತಾಗಿದರೆ ಸಾಕು, ಸುಮಾರು ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ಒಳಗೆ ಎಳೆದುಕೊಳ್ಳುತ್ತದೆ. ಗಿಡಗಳ ಲೋಕದಲ್ಲಿ ಇದಕ್ಕಿಂತ ವೇಗದ ಬೇಟೆ ಇಲ್ಲ. ಇನ್ನೊಂದು ಡ್ರೊಸೆರಾ. ಎಲೆ ಮೇಲಿನ ಅಂಟು ಹನಿಗಳಿಗೆ ಹುಳ ಸಿಕ್ಕಿಕೊಳ್ಳುತ್ತದೆ, ಎಲೆ ಸುತ್ತಿಕೊಳ್ಳುತ್ತದೆ.

ಮುರಕಲ್ಲಿನ ಮೇಲಿನ ತೆಳು ಮಣ್ಣಿನಲ್ಲಿ ಸಾರಜನಕ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಮಳೆ ಎಲ್ಲ ತೊಳೆದುಬಿಡುತ್ತದೆ. ಬೇರಿಗೆ ಸಿಗದ್ದನ್ನು ಹುಳದಿಂದ ತೆಗೆದುಕೊಳ್ಳುತ್ತವೆ. ಗೊಬ್ಬರ ಹಾಕಿದ ನೆಲದಲ್ಲಿ ಇವಕ್ಕೆ ಬೆಲೆ ಇಲ್ಲ, ಹುಲ್ಲೇ ಗೆಲ್ಲುತ್ತದೆ.

ಸೇಂಟ್ ಮೇರೀಸ್ ದ್ವೀಪದ ಕಲ್ಲಿಗೂ ಪ್ರಾಣಿಗಳ ವಿಕಾಸಕ್ಕೂ ಏನು ಸಂಬಂಧ?

ಮಲ್ಪೆಯಿಂದ ದೋಣಿ ಹತ್ತಿ ಹೋಗಿ ಸೆಲ್ಫಿ ತೆಗೆಯುವ ಆ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷದ ಹಿಂದಿನ ಲಾವಾ. ಆಗ ಮಡಗಾಸ್ಕರ್ ನಮ್ಮ ಕರಾವಳಿಗೆ ಅಂಟಿಕೊಂಡಿತ್ತು. ಬಿರುಕು ಬಿಟ್ಟು ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ ಆರಿ ಕಂಬವಾಯಿತು. ಆಮೇಲೆ ಸೇಶೆಲ್ಸ್ ದ್ವೀಪಗಳೂ ಕಳಚಿಕೊಂಡವು. ನೆಲ ಒಡೆದಾಗ ಅದರ ಮೇಲಿದ್ದ ಪ್ರಾಣಿಗಳೂ ಹಂಚಿಹೋದವು. ಕೇರಳದ ಇಡುಕ್ಕಿಯಲ್ಲಿ 2003ರಲ್ಲಿ ನೇರಳೆ ಕಪ್ಪೆ ಎಂಬ ಉಬ್ಬಿದ ವಿಚಿತ್ರ ಕಪ್ಪೆಯನ್ನು ಗುರುತಿಸಿದರು. ವರ್ಷವೆಲ್ಲ ನೆಲದೊಳಗೇ ಇದ್ದು, ಮರಿ ಮಾಡಲು ಮಾತ್ರ ಮಳೆ ಶುರುವಾಗುವಾಗ ಹೊರಬರುತ್ತದೆ. ಅದರ ಹತ್ತಿರದ ನಂಟರು ಪಕ್ಕದ ಘಟ್ಟದಲ್ಲಿ ಇಲ್ಲ, ಸೇಶೆಲ್ಸ್‌ನಲ್ಲಿದ್ದಾರೆ. ಕಪ್ಪೆ ಉಪ್ಪುನೀರಿನಲ್ಲಿ ಈಜಿ ಹೋದದ್ದಲ್ಲ. ನೆಲವೇ ಅದನ್ನು ಹೊತ್ತುಕೊಂಡು ಹೋಯಿತು.

ಕಾಂಡ್ಲಾ ಮರ ಮರಿ ಹಾಕುತ್ತದೆ ಎನ್ನುವುದು ನಿಜವಾ?

ಹೆಚ್ಚು ಕಡಿಮೆ ನಿಜ. ಮೂಲ್ಕಿ, ಉದ್ಯಾವರ, ಗಂಗೊಳ್ಳಿ ಅಳಿವೆಗಳಲ್ಲಿ ಊರುಗೋಲಿನಂಥ ಬೇರು ಬಿಟ್ಟ ಕಾಂಡ್ಲಾ (ಮ್ಯಾಂಗ್ರೋವ್) ನೋಡಿ. ಕೊಂಬೆಯಿಂದ ಉದ್ದುದ್ದ ಹಸಿರು ಕೋಡು ಜೋತಾಡುತ್ತಿರುತ್ತದೆ. ಎಲ್ಲರೂ ಕಾಯಿ ಎಂದುಕೊಳ್ಳುತ್ತಾರೆ. ಅದು ಸಸಿ. ಬೀಜ ತಾಯಿಮರದಲ್ಲೇ ಮೊಳೆತು, ಒಂದು ಮೊಳದಷ್ಟು ಉದ್ದ ಬೆಳೆದ ಮೇಲೆ ಕಳಚಿ ಬೀಳುತ್ತದೆ. ಇಳಿತ ಇದ್ದರೆ ಕೆಸರಿಗೆ ಚುಚ್ಚಿಕೊಳ್ಳಬಹುದು. ಭರತ ಇದ್ದರೆ ತೇಲಿಹೋಗಿ ಬೇರೆಲ್ಲೋ ಬೇರು ಬಿಡುತ್ತದೆ. ಉಪ್ಪುಕೆಸರಿನಲ್ಲಿ ಬೀಜ ಮೊಳೆಯುವ ಅಪಾಯದ ಹಂತವನ್ನೇ ತಪ್ಪಿಸಿಕೊಂಡ ಹಾಗಾಯಿತು.

ಉಪ್ಪಿನ ವಿಷಯದಲ್ಲಿ ಒಂದೊಂದರ ದಾರಿ ಒಂದೊಂದು. ಊರುಗೋಲು ಬೇರಿನ ಜಾತಿ ಉಪ್ಪನ್ನು ಬೇರಿನಲ್ಲೇ ತಡೆಯುತ್ತದೆ. ಕೆಸರಿನಿಂದ ಪೆನ್ಸಿಲಿನಂಥ ಬೇರು ಮೇಲಕ್ಕೆ ಚಾಚುವ ಜಾತಿ ಉಪ್ಪನ್ನು ಒಳಗೆ ಬಿಟ್ಟುಕೊಂಡು ಎಲೆಯಿಂದ ಹೊರಹಾಕುತ್ತದೆ. ಎಲೆ ನೆಕ್ಕಿದರೆ ಉಪ್ಪುಪ್ಪು. ಕಾಂಡ್ಲಾ ಒಂದೇ ವಂಶದ ಮರವಲ್ಲ. ನಂಟೇ ಇಲ್ಲದ ಹಲವು ಕುಟುಂಬಗಳ ಗಿಡಗಳು ಬೇರೆ ಬೇರೆ ಕಾಲದಲ್ಲಿ ಅಳಿವೆಗೆ ಇಳಿದು ಒಂದೇ ರೀತಿಯ ಬದುಕು ಕಲಿತವು.

ಉಬರ್ ಮೀನು ನೀರು ಬಿಟ್ಟು ಗದ್ದೆಗೆ ಹತ್ತಿ ಬರುತ್ತದಲ್ಲ, ಸಾಯುವುದಿಲ್ಲವಾ?

ಮೊದಲ ಮಳೆಗೆ ಮೀನು ತೋಡಿನಿಂದ ಗದ್ದೆಗೆ ಹತ್ತುವುದೇ ಉಬರ್. ಹತ್ತುವುದು ಮೊಟ್ಟೆಯಿಡಲು. ಗದ್ದೆಯಲ್ಲಿ ನೀರು ತೆಳು, ಆಹಾರ ಜಾಸ್ತಿ, ದೊಡ್ಡ ಮೀನಿನ ಕಾಟ ಕಮ್ಮಿ. ಮುಗುಡು, ಮಡೆಂಜಿ ಎರಡಕ್ಕೂ ಕಿವಿರಿನ ಮೇಲೆ ಗಾಳಿ ಎಳೆದುಕೊಳ್ಳುವ ಕೋಣೆ ಇದೆ. ಒದ್ದೆ ಹುಲ್ಲಿನ ಮೇಲೆ ಸ್ವಲ್ಪ ಹೊತ್ತು ತೆವಳಲು ಅದು ಸಾಕು. ತಮಾಷೆಯೆಂದರೆ ಮಡೆಂಜಿಯನ್ನು ನೀರಿನ ಮೇಲ್ಮೈಗೆ ಬರಲು ಬಿಡದಿದ್ದರೆ ಅದು ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ.

ನೆಲಕ್ಕೆ ಹತ್ತಿದ ನಮ್ಮ ಪೂರ್ವಜ ಇದೇನಾ ಎಂದೂ ಕೇಳುತ್ತಾರೆ. ಅಲ್ಲ. ಆ ಕೆಲಸ ಮಾಡಿದ್ದು ಬೇರೊಂದು ಗುಂಪು. ಆ ಹಂತದ ಟಿಕ್ಟಾಲಿಕ್ ಎಂಬ ಮೀನಿನ ಪಳೆಯುಳಿಕೆ ಕೆನಡಾದ ಉತ್ತರ ತುದಿಯಲ್ಲಿ ಸಿಕ್ಕಿತು, ಸುಮಾರು 37.5 ಕೋಟಿ ವರ್ಷ ಹಳೆಯದು. ಅದರ ಈಜುರೆಕ್ಕೆಯೊಳಗೆ ಭುಜ, ಮೊಣಕೈ, ಮಣಿಕಟ್ಟಿನ ಎಲುಬುಗಳಿದ್ದವು.

ಮೀನುಗಳು ಗಂಡಿನಿಂದ ಹೆಣ್ಣಾಗುತ್ತವಂತೆ?

ಎಲ್ಲ ಮೀನುಗಳೂ ಅಲ್ಲ. ಪಂಜರದಲ್ಲಿ ಸಾಕುವ ಸೀಬಾಸ್ ಮೊದಲು ಗಂಡಾಗಿ ಬಲಿತು, ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಮುರು ಮೀನು ಉಲ್ಟಾ: ಮೊದಲು ಹೆಣ್ಣು, ಆಮೇಲೆ ಗಂಡು. ಲೆಕ್ಕ ಸರಳ. ದೊಡ್ಡ ಮೈ ಇದ್ದರೆ ಮೊಟ್ಟೆ ಜಾಸ್ತಿ, ಹಾಗಾಗಿ ಸೀಬಾಸಿಗೆ ದೊಡ್ಡದಾದಾಗ ಹೆಣ್ಣಾಗುವುದು ಲಾಭ. ಒಂದು ದೊಡ್ಡ ಗಂಡು ಹಲವು ಹೆಣ್ಣುಗಳನ್ನು ಕಾಯ್ದುಕೊಳ್ಳುವ ಕಡೆ ದೊಡ್ಡದಾದಾಗ ಗಂಡಾಗುವುದು ಲಾಭ. ದೊಡ್ಡ ಮುರುಗಳನ್ನೇ ಆರಿಸಿ ಹಿಡಿದರೆ ಗಂಡು ಮೀನೇ ಉಳಿಯುವುದಿಲ್ಲ. ಮೀನುಗಾರಿಕೆಯವರು ಇದನ್ನು ತಲೆಯಲ್ಲಿಡಬೇಕು.

ನಮ್ಮ ಜಾಯಿಕಾಯಿ ಮರ ಎಷ್ಟು ಹೂ ಬಿಟ್ಟರೂ ಕಾಯಿ ಇಲ್ಲ. ಯಾಕೆ?

ಅದು ಗಂಡು ಮರ ಇರಬೇಕು. ಜಾಯಿಕಾಯಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಮಾಡಿದ ಗಿಡ ಯಾವುದು ಎಂದು ಹೂ ಬರುವ ತನಕ ತಿಳಿಯುವುದಿಲ್ಲ, ಅಷ್ಟರಲ್ಲಿ ಐದಾರು ವರ್ಷ ಸಾಕಿರುತ್ತೀರಿ. ಪುನರ್ಪುಳಿಯಲ್ಲೂ ಹೆಚ್ಚಾಗಿ ಹೀಗೆಯೇ. ಹೆಣ್ಣು ಮರದ ಕಸಿ ಗಿಡ ತನ್ನಿ, ಇದ್ದ ಗಂಡು ಮರಗಳಲ್ಲಿ ಒಂದನ್ನಾದರೂ ಉಳಿಸಿಕೊಳ್ಳಿ. ಕರಿಮೆಣಸಿನ ಕಾಡುಬಳ್ಳಿಗಳಲ್ಲೂ ಗಂಡು ಹೆಣ್ಣು ಬೇರೆ ಬೇರೆ. ತೋಟದ ಮೆಣಸಿನಲ್ಲಿ ಎರಡೂ ಒಂದೇ ಹೂವಿನಲ್ಲಿ ಇರುವುದು ಹಿಂದಿನವರು ತಲೆಮಾರುಗಟ್ಟಲೆ ಆರಿಸಿ ನೆಟ್ಟದ್ದರ ಫಲ.

ಹಾಗಾದರೆ ಮನುಷ್ಯರೂ ವಿಕಾಸ ಮಾಡಿಸುತ್ತಾರಾ?

ನಮ್ಮ ಊಟದ ಎಲೆಯೇ ಅದಕ್ಕೆ ಸಾಕ್ಷಿ. ಕಜೆ ಅಕ್ಕಿ ಕೆಂಪು. ಅಕ್ಕಿಯ ಮೂಲ ಬಣ್ಣವೇ ಕೆಂಪು, ಕಾಡುಭತ್ತವೂ ಕೆಂಪೇ. ಬಿಳಿ ಅಕ್ಕಿ ಆಮೇಲಿನದು. ಬಣ್ಣ ಕೊಡುವ ಒಂದು ಜೀನಿನಲ್ಲಿ ಡಿಎನ್ಎಯ 14 ಅಕ್ಷರ ಕಳೆದುಹೋದಾಗ ಅಕ್ಕಿ ಬೆಳ್ಳಗಾಯಿತು. ಯಾರೋ ಒಬ್ಬರಿಗೆ ಅದು ಹಿಡಿಸಿತು, ಬೀಜಕ್ಕೆ ಎತ್ತಿಟ್ಟರು. ಇಂದಿನ ಬಿಳಿ ತಳಿಗಳಲ್ಲಿ ಬಹುಪಾಲಿನಲ್ಲಿ ಅದೇ 14 ಅಕ್ಷರಗಳ ಕೊರತೆ ಇದೆ.

ಕಟಪಾಡಿ ಹತ್ತಿರದ ಮಟ್ಟುಗುಳ್ಳ ಎಂಬ ಬದನೆ 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆಯಿತು. ವಾದಿರಾಜ ಸ್ವಾಮಿಗಳು ಕೊಟ್ಟ ಬೀಜ ಎಂಬ ನಂಬಿಕೆ ಊರಿನಲ್ಲಿದೆ. ಬದನೆಯ ಕಾಡು ನಂಟರ ಮೈತುಂಬ ಮುಳ್ಳು. ಗುಳ್ಳದ ತೊಟ್ಟಿನಲ್ಲಿ ಈಗಲೂ ಸ್ವಲ್ಪ ಉಳಿದಿದೆ. ಬದನೆಯ ಮುಳ್ಳು ಹೋಗಲು ಕಾರಣವಾದ ಜೀನನ್ನು 2024ರಲ್ಲಿ ಗುರುತಿಸಿದರು. ಗುಲಾಬಿಯ ಮುಳ್ಳಿನ ಹಿಂದಿರುವುದೂ ಅದೇ ಕುಟುಂಬದ ಜೀನ್.

ಶಂಕರಪುರ ಮಲ್ಲಿಗೆಯದು ಬೇರೆ ಕತೆ. ಅದನ್ನು ಬೆಳೆಸುವುದು ಗೆಲ್ಲು ಊರಿ. ಬೀಜದ ಮಾತೇ ಇಲ್ಲ. ಅಂದರೆ ಅಟ್ಟಿಗಟ್ಟಲೆ ಹೂ ಕೊಡುವ ಅಷ್ಟೂ ಗಿಡಗಳು ಹೆಚ್ಚು ಕಡಿಮೆ ಒಂದೇ ಗಿಡದ ತುಂಡುಗಳು. ಪರಿಮಳ ಎಲ್ಲದರಲ್ಲೂ ಒಂದೇ ಇರುವುದು ಈ ಕಾರಣಕ್ಕೆ. ರೋಗ ಬಂದರೆ ಎಲ್ಲಕ್ಕೂ ಒಟ್ಟಿಗೆ ಬರುವ ಅಪಾಯವೂ ಇದೇ ಕಾರಣಕ್ಕೆ. ಗಂಡು ಹೆಣ್ಣು ಕೂಡಿ ಬೀಜವಾದಾಗ ಜೀನುಗಳು ಕಲಸಿಕೊಳ್ಳುತ್ತವೆ, ಯಾವುದೋ ಒಂದು ಗಿಡ ರೋಗ ತಡೆದುಕೊಳ್ಳುತ್ತದೆ. ಗೆಲ್ಲು ಊರಿದರೆ ಆ ಸಾಧ್ಯತೆ ಇಲ್ಲ.

ಊರ ಕೋಳಿ ಡೈನೋಸಾರ್ ಸಂತತಿಯಾ?

ಹೌದು. ಕೋಳಿ ಮಾತ್ರ ಅಲ್ಲ, ಕಾಗೆ, ಕೊಕ್ಕರೆ ಎಲ್ಲವೂ. ಕೋಳಿ ಸುಕ್ಕ ತಿನ್ನುವಾಗ ಎದೆಯ ಮೇಲೆ ಕವೆಯಂಥ ಎಲುಬು ಸಿಗುತ್ತದಲ್ಲ, ಅದು ಟಿ-ರೆಕ್ಸ್‌ಗೂ ಇತ್ತು. ನಮ್ಮ ಘಟ್ಟದ ಪಾಲೂ ಕೋಳಿಯಲ್ಲಿದೆ. ಸಾಕುಕೋಳಿಯ ಮುಖ್ಯ ಮೂಲ ಕೆಂಪು ಕಾಡುಕೋಳಿ. ಆದರೆ ಚರ್ಮ, ಕಾಲು ಹಳದಿಯಾಗಿಸುವ ಜೀನ್ ಬಂದದ್ದು ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ತಿಳಿಯಿತು. ಆಗುಂಬೆ, ಕುದುರೆಮುಖದ ದಾರಿಯಲ್ಲಿ ಬೆಳಿಗ್ಗೆ ರಸ್ತೆ ದಾಟುವುದು ಇದೇ ಹಕ್ಕಿ.

ಹೆಣ್ಣು ನವಿಲು ಗಂಡಿನ ಕಣ್ಣೀರು ಕುಡಿದು ಬಸಿರಾಗುತ್ತದಾ?

ಇಲ್ಲ. ಬೇರೆ ಹಕ್ಕಿಗಳ ಹಾಗೆಯೇ ಕೂಡುತ್ತವೆ.

ಮುಂಗುಸಿ ಯಾವ ಬೇರು ತಿಂದು ನಾಗರಹಾವಿನ ವಿಷ ತಡೆದುಕೊಳ್ಳುತ್ತದೆ?

ಬೇರೂ ಇಲ್ಲ, ಸೊಪ್ಪೂ ಇಲ್ಲ. ನಾಗರಹಾವಿನ ನರವಿಷ ಕೆಲಸ ಮಾಡುವುದು ಸ್ನಾಯುವಿನ ಮೇಲಿರುವ ಒಂದು ಪ್ರೋಟೀನಿಗೆ ಅಂಟಿಕೊಂಡು. ಅಂಟಿಕೊಂಡರೆ ನರದ ಸಂದೇಶ ಸ್ನಾಯುವಿಗೆ ತಲುಪುವುದಿಲ್ಲ, ಉಸಿರು ನಿಲ್ಲುತ್ತದೆ. ಮುಂಗುಸಿಯಲ್ಲಿ ಆ ಪ್ರೋಟೀನಿನ ಆಕಾರ ಸ್ವಲ್ಪ ಬೇರೆ, ವಿಷ ಅಂಟುವುದೇ ಇಲ್ಲ. ಹಂದಿಯಲ್ಲೂ ಅದೇ ಜಾಗದಲ್ಲಿ ಬದಲಾವಣೆ ಇದೆ, ಪ್ರತ್ಯೇಕವಾಗಿ ಆದದ್ದು. ಆದರೆ ಇದು ನರವಿಷಕ್ಕೆ ಮಾತ್ರ. ರಕ್ತ ಕೆಡಿಸುವ ಕೊಳಕುಮಂಡಲದ ವಿಷಕ್ಕೆ ಈ ಉಪಾಯ ನಡೆಯುವುದಿಲ್ಲ. ಮನುಷ್ಯರಿಗೆ ಹಾವು ಕಚ್ಚಿದರೆ ಬೇರು ಹುಡುಕುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ.

ಕಡಲಾಮೆ ಮೊಟ್ಟೆಗೆ ಬಿಸಿ ಜಾಸ್ತಿಯಾದರೆ ಎಲ್ಲ ಹೆಣ್ಣೇ ಆಗುತ್ತದಂತೆ?

ಸರಿ. ಸಸಿಹಿತ್ಲು, ತಣ್ಣೀರುಬಾವಿ, ಕುಂದಾಪುರದ ಕೋಡಿ ಕಡಲತೀರಗಳಲ್ಲಿ ಮೊಟ್ಟೆಯಿಡುವ ಆಲಿವ್ ರಿಡ್ಲಿ ಆಮೆಗಳಲ್ಲಿ ಗಂಡೋ ಹೆಣ್ಣೋ ಎಂಬುದನ್ನು ತೀರ್ಮಾನಿಸುವ ಕ್ರೋಮೋಸೋಮ್ ಇಲ್ಲ. ಮರಳಿನ ಬಿಸಿಯೇ ತೀರ್ಮಾನಿಸುತ್ತದೆ. ಸುಮಾರು 29–30 ಡಿಗ್ರಿ ಆಸುಪಾಸಿನಲ್ಲಿ ಅರ್ಧ ಗಂಡು, ಅರ್ಧ ಹೆಣ್ಣು. ಅದಕ್ಕಿಂತ ತಂಪಾದರೆ ಗಂಡು, ಬಿಸಿಯಾದರೆ ಹೆಣ್ಣು. ತೀರದ ಗಿಡಮರಗಳ ನೆರಳು ತೆಗೆದರೂ ಲೆಕ್ಕ ಏರುಪೇರಾಗುತ್ತದೆ.

2020ರ ಕೊನೆಗೆ ಮಲ್ಪೆ, ಮಟ್ಟು ಕಡೆ ರಾತ್ರಿ ಅಲೆಗಳು ನೀಲಿಯಾಗಿ ಹೊಳೆದದ್ದು ಏನು?

ನೊಕ್ಟಿಲೂಕಾ ಎಂಬ ಒಂದೇ ಕೋಶದ ಜೀವಿ, ಕೋಟಿಗಟ್ಟಲೆ. ಅಲೆ ಬಡಿದು ಕುಲುಕಿದಾಗ ಬೆಳಕು ಬಿಡುತ್ತದೆ. ತನ್ನನ್ನು ತಿನ್ನಲು ಬಂದ ಪುಟ್ಟ ಸಿಗಡಿಯಂಥ ಜೀವಿಯನ್ನು ಅದಕ್ಕಿಂತ ದೊಡ್ಡ ಮೀನಿಗೆ ತೋರಿಸಿಕೊಡುವ ಉಪಾಯ ಇದು ಎಂದು ಹಲವು ವಿಜ್ಞಾನಿಗಳ ಊಹೆ. ಮಿಂಚುಹುಳದ ಬೆಳಕಿನ ರಾಸಾಯನಿಕ ಬೇರೆಯೇ. ಜೀವಲೋಕದಲ್ಲಿ ಬೆಳಕು ಪ್ರತ್ಯೇಕವಾಗಿ ಹತ್ತಾರು ಸಲ ಹುಟ್ಟಿದೆ.

ಇದನ್ನೆಲ್ಲ ಮಕ್ಕಳಿಗೆ ಎಲ್ಲಿ, ಯಾವಾಗ ತೋರಿಸಬಹುದು?

ಕಾಳಿಂಗ ಸರ್ಪ ನೋಡಬೇಕಾದರೆ ಮಂಗಳೂರಿನ ಪಿಲಿಕುಳ ಮೃಗಾಲಯ. ಪಶ್ಚಿಮ ಘಟ್ಟದ ಕಾಳಿಂಗವನ್ನು 2024ರಲ್ಲಿ ಪ್ರತ್ಯೇಕ ಪ್ರಭೇದ ಎಂದು ಗುರುತಿಸಿ, ವೈಜ್ಞಾನಿಕ ಹೆಸರಿನಲ್ಲೂ ಕಾಳಿಂಗ ಎಂದೇ ಇಟ್ಟಿದ್ದಾರೆ. ಸೇಂಟ್ ಮೇರೀಸ್ ದ್ವೀಪಕ್ಕೆ ಮಳೆಗಾಲದಲ್ಲಿ ದೋಣಿ ಇಲ್ಲ, ಅದು ಮುಗಿದ ಮೇಲೆ ಹೋಗಿ. ಕಾಂಡ್ಲಾ ನೋಡಲು ಇಳಿತದ ಹೊತ್ತು ಒಳ್ಳೆಯದು, ಬೇರುಗಳೂ ಕೆಸರಲ್ಲಿ ಕುಪ್ಪಳಿಸುವ ಮೀನುಗಳೂ ಆಗಲೇ ಕಾಣುವುದು. ಮಕ್ಕಳನ್ನು ಕೆಸರಿಗೆ ಇಳಿಸಬೇಡಿ, ಸೊಂಟದ ತನಕ ಹೂತುಹೋಗುವ ಜಾಗಗಳಿವೆ. ಪದವಿಗೆ ಜೂನ್ ತಿಂಗಳ ರಾತ್ರಿ ಕಪ್ಪೆಗೆ, ಸೆಪ್ಟೆಂಬರಿನ ಬೆಳಿಗ್ಗೆ ಹೂವಿಗೆ. ಬೈಕ್, ಕಾರು ರಸ್ತೆಯಲ್ಲೇ ನಿಲ್ಲಿಸಿ. ಕಲ್ಲಿನ ತಗ್ಗಿನಲ್ಲಿ ನಿಂತ ಒಂದು ಗೇಣು ನೀರಿನಲ್ಲಿ ಗೊದಮೊಟ್ಟೆಗಳಿರುತ್ತವೆ, ಅದರಲ್ಲಿ ಚಪ್ಪಲಿ ತೊಳೆಯಬೇಡಿ.